ಗೂಡಿಗೆ ಎಷ್ಟು ದೂರ ನಿಲ್ಲಬೇಕು?

ಪ್ರತಿ ವರ್ಷ ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. "ಮಿಸ್, ನಮ್ಮ ಬಾಲ್ಕನಿಯ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದೆ, ಫೋಟೋ ನೋಡಿ." "ಮಿಸ್, ಕೆ.ಆರ್. ಪುರದ ಆಚೆ ಟಿಟ್ಟಿಭದ ಮೊಟ್ಟೆ ಸಿಕ್ಕಿದೆ, ಭಾನುವಾರ ಕ್ಯಾಮೆರಾ ತೆಗೆದುಕೊಂಡು ಹೋಗೋಣವೇ?" ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವಳಿಗೆ ಇದಕ್ಕಿಂತ ಸಂತೋಷದ ಗುರುದಕ್ಷಿಣೆ ಬೇರೆ ಯಾವುದಿದೆ? ಪರೀಕ್ಷೆಗಾಗಿ ಕಲಿತದ್ದೆಲ್ಲ ಮರೆತುಹೋದ ಮೇಲೂ ಹಕ್ಕಿಯನ್ನು ಕಂಡರೆ ನಿಂತು ನೋಡುವ ಅಭ್ಯಾಸ ಇವರಲ್ಲಿ ಉಳಿದಿದೆಯಲ್ಲ ಎಂದು ಮನಸ್ಸು ತುಂಬಿ ಬರುತ್ತದೆ. ಆದರೆ ಚಿತ್ರ ತೆರೆದು ನೋಡಿದಾಗ ಕೆಲವೊಮ್ಮೆ ಆ ಸಂತೋಷದ ಜೊತೆಗೇ ಒಂದು ಆತಂಕವೂ ಹುಟ್ಟುತ್ತದೆ. ಕೆಂಪು ಬಾಯಿ ಅಗಲಿಸಿದ ಮರಿಗಳು ಅಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಗೂಡನ್ನು ಮರೆಮಾಡಿದ್ದ ಎಲೆಗಳು ಏನಾದವು? ತಾಯಿ ಎಲ್ಲಿ ಹೋಯಿತು? ಒಬ್ಬೊಬ್ಬರಿಗೂ ಎರಡೆರಡು ಸಾಲಿನಲ್ಲಿ ಬರೆದ ಉತ್ತರವನ್ನು ಇಲ್ಲಿ ಒಟ್ಟಾಗಿ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಶಿವಾಜಿನಗರದ ಹತ್ತಿರದ ಶಾಲೆಯಲ್ಲಿ ನನ್ನ ಬಳಿ ಕಲಿತವರಿಗೆ ಹದ್ದಿನ ಗೂಡು ನೆನಪಿರಬಹುದು. 1991ರ ಮಾತು. ನಮ್ಮ ಮೇಲಂತಸ್ತಿನ ಕೊಠಡಿಯ ಕಿಟಕಿಯಿಂದ ರಸ್ತೆಯಾಚೆಯ ಎತ್ತರದ ನೀಲಗಿರಿ ಮರವೊಂದು ಕಾಣುತ್ತಿತ್ತು. ಅದರ ಕವಲಿನಲ್ಲಿ ಕರಿ ಹದ್ದಿನ ಜೋಡಿಯೊಂದು ಗೂಡು ಕಟ್ಟಿತು. ರಸೆಲ್ ಮಾರುಕಟ್ಟೆಯ ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದುಗಳನ್ನು ಕಂಟೋನ್ಮೆಂಟಿನ ಮಕ್ಕಳು ಹುಟ್ಟಿದಾಗಿನಿಂದ ನೋಡಿರುತ್ತಾರೆ. ಆದರೆ ಅವುಗಳಿಗೂ ಒಂದು ಸಂಸಾರವಿದೆ ಎಂಬುದನ್ನು ಯಾರೂ ಗಮನಿಸಿರುವುದಿಲ್ಲ. ಸಹೋದ್ಯೋಗಿಯೊಬ್ಬರ ಯಜಮಾನರು ಸೇನೆಯಲ್ಲಿದ್ದರು. ಅವರ ಹಳೆಯ ದುರ್ಬೀನನ್ನು ಕೇಳಿ ತಂದೆ. ಎಂಟನೆಯ ತರಗತಿಯ ಮಕ್ಕಳು ಸರದಿಯ ಮೇಲೆ ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ಕುಳಿತು, ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಕಂಡದ್ದನ್ನು ಬರೆದರು. ಹದ್ದು ತಂದ ಸಾಮಾನುಗಳ ಪಟ್ಟಿಯೇ ಒಂದು ಪುಟವಾಯಿತು: ಒಣಕಡ್ಡಿ, ತಂತಿಯ ತುಂಡು, ಹರಿದ ಬನಿಯನ್ನು, ಪ್ಲಾಸ್ಟಿಕ್ ಚೀಲ, ಒಂದು ಕೆಂಪು ರಿಬ್ಬನ್ನು. ರಿಬ್ಬನ್ನು ತನ್ನದೇ ಎಂದು ಒಬ್ಬ ಹುಡುಗಿ ತಿಂಗಳುಗಟ್ಟಲೆ ಜಗಳವಾಡಿದಳು! ಸುಮಾರು ಒಂದು ತಿಂಗಳು ಕಾವು ನಡೆಯಿತು, ಮರಿ ಬಂತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದ ಸಾಲು ಹೀಗಿತ್ತು: ಮಧ್ಯಾಹ್ನ ಬಿಸಿಲು ಹೆಚ್ಚಾದಾಗ ತಾಯಿ ರೆಕ್ಕೆಯನ್ನು ಅರ್ಧ ಬಿಚ್ಚಿ ಕೊಡೆಯಂತೆ ಹಿಡಿಯುತ್ತದೆ, ಮರಿ ನೆರಳಿನಲ್ಲಿ ಇರುತ್ತದೆ, ತಾಯಿಗೆ ಬಿಸಿಲು ಬೀಳುತ್ತದೆ. ಆ ಹುಡುಗ ಗಣಿತದಲ್ಲಿ ಎಂದೂ ಉತ್ತೀರ್ಣನಾಗಿರಲಿಲ್ಲ. ಆ ಒಂದು ಸಾಲನ್ನು ನಾನು ಕರಿಹಲಗೆಯ ಮೇಲೆ ಬರೆಸಿದೆ.

ಆ ಗೂಡಿನ ಒಂದು ಛಾಯಾಚಿತ್ರವೂ ನಮ್ಮಲ್ಲಿಲ್ಲ. ಮೂವತ್ತಾರು ಚಿತ್ರಗಳ ಒಂದು ಫಿಲಂ ರೋಲಿನ ಬೆಲೆ, ಅದನ್ನು ತೊಳೆಸಿ ಮುದ್ರಿಸುವ ಖರ್ಚು ನಮ್ಮ ಶಾಲೆಗೆ ಎಟಕುವಂಥದ್ದಾಗಿರಲಿಲ್ಲ. ಎಟಕಿದ್ದರೂ ಅಷ್ಟು ದೂರದ ಹದ್ದನ್ನು ಸೆರೆಹಿಡಿಯುವ ಮಸೂರ ಯಾರ ಬಳಿ ಇತ್ತು?

ಹಕ್ಕಿಯ ಛಾಯಾಗ್ರಹಣ ಗೂಡಿನಿಂದಲೇ ಆರಂಭವಾದದ್ದಕ್ಕೆ ಇದೇ ಕಾರಣ. ಆ ಕಾಲದ ಫಿಲಮು ಮಂದ, ಮಸೂರ ಗಿಡ್ಡ. ಹಾರಾಡುವ ಹಕ್ಕಿಯನ್ನು ಹಿಡಿಯುವಂತಿರಲಿಲ್ಲ. ಹಕ್ಕಿ ತಪ್ಪದೆ ಮರಳಿ ಬರುವ ಸ್ಥಳ ಒಂದೇ, ಅದರ ಗೂಡು. ಇಂಗ್ಲೆಂಡಿನ ಕೀರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಚಿತ್ರ ತೆಗೆದು ಈ ದಾರಿಯನ್ನು ತೆರೆದರು. ಮುಂದೆ ಹಕ್ಕಿಗೆ ಕಾಣದಂತೆ ಇರಲು ಟೊಳ್ಳು ಮಾಡಿದ ಎತ್ತಿನ ಬೊಂಬೆಯೊಳಗೆ ಕುಳಿತು ಕಾದರು. ಅದೇ ದೇಶದ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಬಳಿ ಹೋದಾಗ ಗೂಬೆ ಎರಗಿ, ಅವರು ಒಂದು ಕಣ್ಣನ್ನೇ ಕಳೆದುಕೊಂಡರು. ನಮ್ಮ ಬೆಂಗಳೂರಿನವರೇ ಆದ ಟಿ.ಎನ್.ಎ. ಪೆರುಮಾಳ್ (1932–2017) ಅವರ ತಲೆಮಾರಿನ ಛಾಯಾಗ್ರಾಹಕರೂ ಮರೆಗೂಡಾರದೊಳಗೆ ಬೆವರಿ ಗಂಟೆಗಟ್ಟಲೆ ಕುಳಿತವರೇ. ಮರೆಗೂಡಾರವನ್ನು ಒಮ್ಮೆಲೇ ಗೂಡಿನ ಪಕ್ಕದಲ್ಲಿ ನಿಲ್ಲಿಸುವಂತಿಲ್ಲ. ದೂರದಲ್ಲಿ ನಿಲ್ಲಿಸಿ, ಹಕ್ಕಿ ಅದಕ್ಕೆ ಒಗ್ಗಿದ ಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಬೇಕು. ಹಕ್ಕಿ ಗಾಬರಿಯಾದರೆ ಹಿಂದೆ ತೆಗೆಯಬೇಕು. ಅದೊಂದು ವ್ರತದಂತೆ ನಡೆಯುತ್ತಿದ್ದ ಕೆಲಸ. ಇಂದು ಮಸೂರಗಳು ನೂರು ಅಡಿಯ ಆಚೆಯ ಹಕ್ಕಿಯ ರೆಪ್ಪೆಯನ್ನೂ ತೋರಿಸುತ್ತವೆ. ಗೂಡಿನ ಬಳಿಗೇ ಹೋಗಬೇಕಾಗಿದ್ದ ಕಾರಣ ಮರೆಯಾಗಿದೆ. ಹೋಗುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಅದರ ಜೊತೆಗಿದ್ದ ವ್ರತ ಉಳಿದಿಲ್ಲ.

ಗೂಡನ್ನು ನೋಡಲೇಬಾರದು ಎಂದು ನಾನು ಹೇಳುತ್ತಿಲ್ಲ. ನೋಡದಿದ್ದರೆ ನಮಗೆ ಎಷ್ಟೋ ವಿಷಯ ತಿಳಿಯುತ್ತಲೇ ಇರಲಿಲ್ಲ. ಗೀಜಗನ ಗೂಡನ್ನು ನೀವೆಲ್ಲ ಬಲ್ಲಿರಿ. ಮಳೆಗಾಲದಲ್ಲಿ ಹೊಸಕೋಟೆಯ ಕಡೆಗೆ ಹೊರಟರೆ ಕೆರೆಯಂಚಿನ ಈಚಲು ಮರಗಳಲ್ಲಿ ಇಂದಿಗೂ ತೂಗಾಡುತ್ತವೆ. ಸಲೀಂ ಅಲಿಯವರು 1930ರ ಸುಮಾರಿಗೆ ಕೊಂಕಣ ತೀರದ ಕಿಹೀಮ್‌ನಲ್ಲಿ ಗೀಜಗನ ಗೂಡುಗಳ ಎದುರು ತಿಂಗಳುಗಟ್ಟಲೆ ಕುಳಿತು ನೋಡಿದರು. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ, ಒಪ್ಪಿದರೆ ಮಾತ್ರ ಗೂಡು ಪೂರ್ಣವಾಗುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡಿಗೆ, ಇನ್ನೊಬ್ಬಳಿಗೆ ಕೈಹಾಕುತ್ತದೆ ಎಂಬ ಸಂಗತಿಗಳು ಹೊರಬಂದದ್ದು ಆ ತಾಳ್ಮೆಯಿಂದಲೇ. ಗೀಜಗನನ್ನು ಆದರ್ಶ ಗೃಹಸ್ಥನೆಂದು ನಂಬಿದ್ದವರಿಗೆ ಸ್ವಲ್ಪ ನಿರಾಶೆಯಾಗಬಹುದು, ಇರಲಿ! ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದವರು. ಅವರ ಪುಸ್ತಕಗಳನ್ನು ಹಿಡಿದೇ ನನ್ನ ಮಕ್ಕಳಲ್ಲಿ ಅನೇಕರು ಹಕ್ಕಿಗಳ ಕನ್ನಡ ಹೆಸರು ಕಲಿತರು. ನೋಡುವುದು ತಪ್ಪಲ್ಲ. ಹೇಗೆ ನೋಡುತ್ತೇವೆ, ಅದಕ್ಕೆ ಯಾರು ಬೆಲೆ ತೆರುತ್ತಾರೆ ಎಂಬುದಷ್ಟೇ ಪ್ರಶ್ನೆ.

ಈ ಮಾತನ್ನು ಒಂದು ನಡೆದ ಸಂಗತಿಯಿಂದ ಹೇಳುತ್ತೇನೆ. 2022ರ ಏಪ್ರಿಲ್. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂದಿರಾನಗರದಿಂದ ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದ. (ಅವನ ಹೆಸರು ಬರೆಯುವುದಿಲ್ಲ, ಬರೆದರೆ ಅವನ ತರಗತಿಯವರೆಲ್ಲ ಸೇರಿ ರೇಗಿಸುತ್ತಾರೆ.) ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಇದೆಯಲ್ಲ, ಅದರ ಒಣಗಿದ ಅಂಚಿಗೆ. ಅಲ್ಲಿ ಟಿಟ್ಟಿಭದ ಗೂಡು ಕಂಡಿದೆ ಎಂಬ ಸುದ್ದಿ ಅವನ ಸ್ನೇಹಿತರ ಬಳಗದಲ್ಲಿ ಹಬ್ಬಿತ್ತು.

ಟಿಟ್ಟಿಭಕ್ಕೆ ಗೂಡೆಂದರೆ ಗೂಡಲ್ಲ. ಬಯಲು ನೆಲದಲ್ಲಿ ಸ್ವಲ್ಪ ಕೆದಕಿ, ಸುತ್ತ ನಾಲ್ಕು ಕಲ್ಲಿನ ಚೂರು ಸೇರಿಸಿ, ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ಚೂಪು ತುದಿಗಳೆಲ್ಲ ಒಳಮುಖ. ಎರಡು ಮಾರು ದೂರದಲ್ಲಿ ನಿಂತವರ ಕಣ್ಣಿಗೂ ಬೀಳುವುದಿಲ್ಲ. ಪಂಚತಂತ್ರದಲ್ಲಿ ತನ್ನ ಮೊಟ್ಟೆಗಳನ್ನು ಸಮುದ್ರ ಕೊಂಡೊಯ್ದಾಗ ಗರುಡನ ಮೂಲಕ ವಿಷ್ಣುವಿಗೇ ದೂರು ಮುಟ್ಟಿಸಿದ ಹಕ್ಕಿ ಇದೇ. ನಾನು ಆ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳು ನಗುತ್ತಿದ್ದರು, ಇಷ್ಟು ಸಣ್ಣ ಹಕ್ಕಿಗೆ ಅಷ್ಟು ಹಟವೇ ಎಂದು.

ನಾವು ಹೋದಾಗ ಹತ್ತು ಗಂಟೆ. ಐದಾರು ಜನ ಛಾಯಾಗ್ರಾಹಕರು ಆಗಲೇ ಮೊಟ್ಟೆಗಳ ಸುತ್ತ ಅರ್ಧಚಂದ್ರಾಕಾರವಾಗಿ ಮುಕ್ಕಾಲಿಗಳನ್ನು ನೆಟ್ಟಿದ್ದರು. ಹಕ್ಕಿಗಳೆರಡೂ ಕಿರುಚುತ್ತ ತಲೆಯ ಮೇಲೆ ಹಾರಿ ಬಂದು ಎರಗಿದಂತೆ ಮಾಡಿ ಮೇಲೇರುತ್ತಿದ್ದವು. "ಒಳ್ಳೇ ಆಕ್ಷನ್ ಸಿಗ್ತಿದೆ" ಎಂದು ಒಬ್ಬರು ಸಂಭ್ರಮಪಟ್ಟರು. ಅವರಾರೂ ಕೆಟ್ಟವರಲ್ಲ. ಒಬ್ಬರೂ ಮೊಟ್ಟೆ ಮುಟ್ಟಿರಲಿಲ್ಲ, ಒಂದು ಕಲ್ಲನ್ನೂ ಕದಲಿಸಿರಲಿಲ್ಲ. ನನ್ನ ಶಿಷ್ಯನೂ ಆಸೆಯಿಂದ ತನ್ನ ಮುಕ್ಕಾಲಿ ಬಿಚ್ಚತೊಡಗಿದ. ಎರಡು ವಾರದಲ್ಲಿ ಯಾವುದೋ ಸ್ಪರ್ಧೆಗೆ ಕೊನೆಯ ದಿನವಂತೆ.

ನಾನು ಬೈಯಲಿಲ್ಲ. ನಲವತ್ತು ದಾಟಿದ ಮಗನನ್ನು ನಾಲ್ಕು ಜನರ ಮುಂದೆ ಬೈಯುವುದು ಸಲ್ಲ. ಗಡಿಯಾರ ನೋಡಿಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ:

"ಏನಪ್ಪಾ, ನಾವು ಬಂದಾಗಿನಿಂದ ಹಕ್ಕಿ ಒಮ್ಮೆಯಾದರೂ ಮೊಟ್ಟೆಯ ಮೇಲೆ ಕೂತಿತೇ?"

"ಇಲ್ಲ ಮಿಸ್."

"ಎಷ್ಟು ಹೊತ್ತಾಯಿತು?"

"ಐದು ನಿಮಿಷ ಆಗಿರಬಹುದು."

"ಹದಿನಾಲ್ಕು ನಿಮಿಷ. ನಿನ್ನ ಕಾಲ ಬಳಿಯ ನೆಲ ಮುಟ್ಟಿ ನೋಡು."

ಅವನು ಬಗ್ಗಿ ಅಂಗೈ ಊರಿದ, ತಕ್ಷಣ ಹಿಂದೆಗೆದುಕೊಂಡ. ಮತ್ತೆ ಏನೂ ಹೇಳಬೇಕಾಗಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಮೊಟ್ಟೆಯ ಬಿಳಿಯ ಭಾಗ ಬಿಸಿಗೆ ಹೇಗೆ ಗಟ್ಟಿಯಾಗುತ್ತದೆಂದು ಪ್ರನಾಳದಲ್ಲಿ ಕಾಯಿಸಿ ತೋರಿಸಿದ್ದೆ. ಅದು ಅವನಿಗೆ ನೆನಪಾಯಿತೋ ಏನೋ ನಾನು ಕೇಳಲಿಲ್ಲ. ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬಿಸಿ ಮಾಡುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಬಯಲಿನಲ್ಲಿ ಮೊಟ್ಟೆ ಇಡುವ ಹಕ್ಕಿ ಬೇಸಿಗೆಯ ಹಗಲಿನಲ್ಲಿ ಕೂರುವುದು ಬಿಸಿಲನ್ನು ತಡೆಯುವುದಕ್ಕೆ. ಅದು ಎದ್ದು ಹೋದರೆ ಮೊಟ್ಟೆ ತಣ್ಣಗಾಗುವುದಿಲ್ಲ, ಬೇಯುತ್ತದೆ.

ಅವನು ಮುಕ್ಕಾಲಿ ಮಡಿಸಿ, ತನ್ನ ಜೊತೆಯವರಿಗೆ ತಾನೇ ವಿಷಯ ತಿಳಿಸಿದ. "ನಾವು ಮುಟ್ಟಿಯೇ ಇಲ್ಲವಲ್ಲ ಮೇಡಂ" ಎಂದು ಒಬ್ಬರು ನನ್ನತ್ತ ತಿರುಗಿ ಅಂದರು. "ನಿಜ, ಮುಟ್ಟಿಲ್ಲ. ಆದರೆ ಮುಟ್ಟಬೇಕಾದವಳನ್ನೂ ಬಿಟ್ಟಿಲ್ಲ" ಎಂದೆ. ಒಬ್ಬರು ಮುಖ ಗಂಟಿಕ್ಕಿಕೊಂಡು ಹೊರಟೇ ಹೋದರು. ಉಳಿದವರು ನಮ್ಮೊಂದಿಗೆ ಕೆರೆ ಏರಿಯ ಮೇಲಿನ ಹೊಂಗೆ ಮರದ ನೆರಳಿಗೆ ಬಂದರು.

ಆರು ನಿಮಿಷ ಕಳೆಯಿತು. ಕಿರುಚಾಟ ನಿಂತಿತು. ಆಮೇಲೆ ಒಂದು ಹಕ್ಕಿ ನೆಲಕ್ಕಿಳಿದು, ನಾಲ್ಕು ಹೆಜ್ಜೆ ಓಡಿ ನಿಂತು, ಮತ್ತೆ ನಾಲ್ಕು ಹೆಜ್ಜೆ ಓಡಿ, ಮೊಟ್ಟೆಯ ಕಡೆಗಲ್ಲದೆ ಕೆರೆಯ ನೀರಿನತ್ತ ಹೋಯಿತು. ನೀರಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಹೊಟ್ಟೆಯ ಪುಕ್ಕಗಳನ್ನು ಒದ್ದೆ ಮಾಡಿಕೊಂಡಿತು. ಅಲ್ಲಿಂದ ನೇರವಾಗಿ ಓಡಿ ಬಂದು ಮೊಟ್ಟೆಗಳ ಮೇಲೆ ಮೆಲ್ಲಗೆ ಕುಳಿತಿತು. ಟಿಟ್ಟಿಭ ಹೀಗೆ ಒದ್ದೆ ಹೊಟ್ಟೆಯಿಂದ ಮೊಟ್ಟೆಗಳನ್ನು ತಂಪು ಮಾಡುತ್ತದೆಂದು ಪುಸ್ತಕದಲ್ಲಿ ಓದಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ. ನನ್ನ ಶಿಷ್ಯ ಆ ಓಟವನ್ನೆಲ್ಲ ಅಷ್ಟು ದೂರದಿಂದಲೇ ಚಿತ್ರಗಳಲ್ಲಿ ಹಿಡಿದ. ಹಕ್ಕಿ ಚಿಕ್ಕದಾಗಿದೆ, ಬಿಸಿಲಿನ ಝಳಕ್ಕೆ ಅಂಚುಗಳು ನಡುಗಿವೆ. ಆದರೆ ಒದ್ದೆಯಾಗಿ ಅಂಟಿಕೊಂಡ ಹೊಟ್ಟೆಯ ಪುಕ್ಕ, ನೀರಿನಿಂದ ಮೊಟ್ಟೆಯವರೆಗೆ ಬಿದ್ದ ಸಣ್ಣ ಹೆಜ್ಜೆಗುರುತು ಕಾಣುತ್ತದೆ. ಹತ್ತಿರದಲ್ಲೇ ನಿಂತಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ಅಲ್ಲಿ ಸಿಗುತ್ತಿದ್ದುದು ಗಾಬರಿಗೊಂಡ ಹಕ್ಕಿಯ ಚಿತ್ರ ಮಾತ್ರ. ಸ್ಪರ್ಧೆಗೆ ಅವನು ಏನನ್ನೂ ಕಳಿಸಲಿಲ್ಲ.

ಮೊಟ್ಟೆ ಒಡೆಯಲು ಸುಮಾರು ಇಪ್ಪತ್ತೆಂಟರಿಂದ ಮೂವತ್ತು ದಿನ ಬೇಕು. ಎರಡು ವಾರ ಬಿಟ್ಟು ಅದೇ ಏರಿಯ ಮೇಲಿನಿಂದ ನೋಡಿದೆವು, ಹಕ್ಕಿ ಕೂತಿತ್ತು. ಇನ್ನೂ ಒಂದು ವಾರ ಬಿಟ್ಟು ಹೋದಾಗ ಗೂಡು ಖಾಲಿ. ಮನಸ್ಸಿಗೆ ಕಸಿವಿಸಿಯಾಯಿತು. ಅರ್ಧ ಗಂಟೆ ಕಾದ ಮೇಲೆ ಜೊಂಡಿನಂಚಿನಿಂದ ತಾಯಿ ಹೊರಬಂತು, ಅದರ ಹಿಂದೆ ಹತ್ತಿಯುಂಡೆಯಂಥ ಎರಡು ಮರಿಗಳು. ನಾಲ್ಕು ಮೊಟ್ಟೆಗೆ ಎರಡು ಮರಿ. ಉಳಿದೆರಡು ಏನಾದವೋ, ನಾಯಿ ತಿಂದಿತೋ, ಕಾಗೆ ಒಯ್ದಿತೋ, ಅಥವಾ ಆ ಹತ್ತು ಗಂಟೆಯ ಬಿಸಿಲಿನಲ್ಲೇ ಮುಗಿದಿದ್ದವೋ, ಹೇಳಬಲ್ಲವರು ಯಾರು? ಮರುವರ್ಷ ಆ ಜಾಗದಲ್ಲಿ ಕೆಡವಿದ ಕಟ್ಟಡದ ಕಸ ಸುರಿದಿತ್ತು. ಅದರ ಮೇಲೂ ಟಿಟ್ಟಿಭದ ಕೂಗು ಕೇಳಿಸುತ್ತಿತ್ತು.

ಇನ್ನು ಬಾಲ್ಕನಿಯ ಗೂಡುಗಳ ವಿಷಯ, ವಿಶೇಷವಾಗಿ ನಮ್ಮ ಬಂಧುಬಳಗದವರಿಗೆ. ನನ್ನ ತಂಗಿಯ ಮನೆಯ ಮಲ್ಲಿಗೆ ಬಳ್ಳಿಯಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿದಾಗ ಮನೆಗೆ ಬಂದವರೆಲ್ಲ ಮೊಬೈಲು ಹಿಡಿದ ಕೈಯನ್ನು ಗೂಡಿನ ಬಾಯಿಗೇ ಒಯ್ಯುತ್ತಿದ್ದರು. ಪಿಕಳಾರ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಕಾವಿಗೆ ಸುಮಾರು ಎರಡು ವಾರ, ಮರಿ ಗೂಡು ಬಿಡಲು ಮತ್ತೆ ಎರಡು ವಾರದೊಳಗೆ. ಒಟ್ಟು ಒಂದೇ ತಿಂಗಳ ವ್ಯವಹಾರ. ಗೂಡು ಕಟ್ಟುವಾಗ ಮತ್ತು ಮೊಟ್ಟೆ ಇಟ್ಟ ಮೊದಲ ದಿನಗಳಲ್ಲಿ ಗದ್ದಲವಾದರೆ ಹಕ್ಕಿ ಗೂಡನ್ನೇ ತೊರೆಯುವ ಸಂಭವ ಹೆಚ್ಚು. ಮರಿಗಳು ದೊಡ್ಡವಾದ ಮೇಲೆ ಇನ್ನೊಂದು ಅಪಾಯ: ಗಾಬರಿಗೆ ಹಾರಲು ಬಾರದ ಮರಿ ಕೆಳಕ್ಕೆ ಜಿಗಿಯುತ್ತದೆ. ಬೆಳಕಿಗಾಗಿ ಒಂದು ಎಲೆ ಕಿತ್ತರೂ ಮರಿಗಳ ತಲೆಯ ಮೇಲೆ ಬಿಸಿಲು ಬೀಳುತ್ತದೆ, ಎದುರು ಮನೆಯ ತಂತಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿರುವ ಕಾಗೆಗೂ ದಾರಿ ತೆರೆಯುತ್ತದೆ. ನನ್ನ ತಂಗಿ ಕೊನೆಗೆ ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ಹಳೆಯ ಸೀರೆಯೊಂದನ್ನು ಇಳಿಬಿಟ್ಟು, ಅದರಲ್ಲಿ ಕಣ್ಣಿನಷ್ಟು ಅಗಲದ ಎರಡು ಸಂದು ಬಿಟ್ಟಳು. ಒಂದು ಮಕ್ಕಳ ಎತ್ತರಕ್ಕೆ, ಒಂದು ದೊಡ್ಡವರ ಎತ್ತರಕ್ಕೆ. ಬಟ್ಟೆ ಒಣಗಿಸುವುದು ಒಂದು ತಿಂಗಳು ಮಹಡಿಯ ಮೇಲಾಯಿತು. ಮರೆಗೂಡಾರ ಎಂದರೆ ಇಷ್ಟೇ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಶಬ್ದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗಾಗಲಿ ಗೂಡಿಗಾಗಲಿ ತೊಂದರೆ ಕೊಡುವುದು ಸೇರಿದೆ. ಬಂದೂಕು ಹಿಡಿದವನನ್ನು ಮಾತ್ರ ಬೇಟೆಗಾರ ಎನ್ನುವುದು ನಮ್ಮ ರೂಢಿ. ಕಾಯಿದೆ ಅಲ್ಲಿಗೇ ನಿಂತಿಲ್ಲ.

ಗೂಡಿನ ಸಂಸಾರವನ್ನು ಮನಸಾರೆ ನೋಡಬೇಕೆನ್ನುವವರಿಗೆ ನಮ್ಮ ನಾಡಿನಲ್ಲಿ ಸ್ಥಳಗಳಿಲ್ಲವೇ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿನ ಜನ ಅವನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಆ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು; 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರೂ ಅದೇ ನೇಗಿನಹಾಳರು ಎಂಬುದನ್ನು ಮರೆಯಬಾರದು. ನಿಮ್ಮ ಮನೆಯ ಮುಂದಿನ ಮರದಲ್ಲಿ ಇಂದು ಕುಟ್ರ ಹಕ್ಕಿ ಪೊಟರೆ ಕೊರೆಯುತ್ತಿದ್ದರೆ ಅದರ ಹಿಂದೆ ಅವರಂಥವರ ಶ್ರಮವಿರಬಹುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಲೀಂ ಅಲಿಯವರ ಸಲಹೆಯಂತೆ 1940ರಲ್ಲೇ ಪಕ್ಷಿಧಾಮವಾಯಿತು. ಅಷ್ಟು ದೂರ ಆಗದಿದ್ದರೆ ಹಲಸೂರು ಕೆರೆಯ ದಂಡೆ ಇದೆ. ದ್ವೀಪಗಳ ಮರಗಳಲ್ಲಿ ನೀರುಕಾಗೆ, ಬೆಳ್ಳಕ್ಕಿ, ಇರುಳು ಬಕಗಳು ಸೇರುತ್ತವೆ. 2016ರ ಮಾರ್ಚಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ ಮೇಲೂ ಆ ಕೆರೆ ಹಕ್ಕಿಗಳನ್ನು ಕಳೆದುಕೊಂಡಿಲ್ಲ. ಅಲ್ಲಿ ನಮ್ಮ ಮತ್ತು ಅವುಗಳ ನಡುವೆ ನೀರೇ ಬೇಲಿ ಹಾಕಿ ನಿಂತಿದೆ.

ಹಾಗಾದರೆ ಎಷ್ಟು ದೂರ? ಇಷ್ಟೇ ಅಡಿ ಎಂದು ಅಳತೆ ಕೊಡಲಾಗುವುದಿಲ್ಲ. ಅದನ್ನು ಹಕ್ಕಿಯೇ ಹೇಳುತ್ತದೆ. ಮೇವು ಕಚ್ಚಿಕೊಂಡು ಬಂದ ಹಕ್ಕಿ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದರೆ, ಬಾಲ ಕುಣಿಸುತ್ತ ಒಂದೇ ಸ್ವರದಲ್ಲಿ ಕೂಗುತ್ತಿದ್ದರೆ, ಕೂತದ್ದು ಎದ್ದು ಹೋದರೆ, ನೀವು ಹತ್ತಿರವಾದಿರಿ ಎಂದರ್ಥ. ಅದು ಮರಳಿ ತನ್ನ ಕೆಲಸಕ್ಕೆ ಹೋಗುವವರೆಗೆ ಹಿಂದೆ ಸರಿಯಿರಿ. ನಿಮ್ಮ ಸ್ಥಾನ ಅಲ್ಲಿ. ಗೂಡಿರುವ ಜಾಗವನ್ನು ಯಾರಿಗೂ ಹಂಚಬೇಡಿ. ಚಿತ್ರ ಕಳಿಸುವುದಿದ್ದರೆ ಮರಿ ಹಾರಿಹೋದ ಮೇಲೆ ಕಳಿಸಿ, ಅವಸರವೇನಿದೆ?

ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ಕೆರೆ ಏರಿಯ ಹೊಂಗೆ ಮರದ ಕೆಳಗೆ ನಾನಿರುತ್ತೇನೆ. ಬರುವವರು ಟೋಪಿ, ಕುಡಿಯುವ ನೀರು, ಒಂದು ನೋಟ್ ಪುಸ್ತಕ ತನ್ನಿ. ಕ್ಯಾಮೆರಾ ತರಬೇಡಿ ಎಂದು ಹೇಳುವುದಿಲ್ಲ. ಒಂಬತ್ತು ಗಂಟೆಯೊಳಗೆ ಹಿಂತಿರುಗಿಬಿಡೋಣ. ಅಷ್ಟು ಹೊತ್ತಿಗೆ ನೆಲ ಕಾಯಲು ಆರಂಭಿಸುತ್ತದೆ.